ತಲೆ ಮುರಿಯದ ಬೋಲ್ಟು

ಪಂಪ್‌ಹೌಸ್ ಉದ್ಘಾಟನೆಗೆ ಪುರಸಭೆ ಅಧ್ಯಕ್ಷ ನಂಜರಾಜಪ್ಪನವರು ಹಾರ ಹಾಕಿಕೊಂಡೇ ಕಾರಿಳಿದರು. ಲೈನ್‌ಮನ್ ದ್ಯಾವಣ್ಣ ಇನ್ನೂ ಗುಂಡಿಯಲ್ಲಿದ್ದ. ಕೇಬಲ್ ಜೋಡಿಸುವ ಕನೆಕ್ಟರಿನ ಬೋಲ್ಟನ್ನು ಅದರ ತಲೆ ಮುರಿದು ಬೀಳುವವರೆಗೆ ತಿರುಗಿಸಬೇಕು. ತಲೆ ಮುರಿದರೆ ಮಾತ್ರ ಬಿಗಿಯಾಯಿತು ಅಂತ ಲೆಕ್ಕ. ಎರಡು ಬೋಲ್ಟು ಇನ್ನೂ ಬಾಕಿ ಇದ್ದವು.

"ಸಾಕು, ಮುಚ್ಚಯ್ಯ! ಮುಹೂರ್ತ ಮೀರ್ತಿದೆ," ಅಂದರು ಅಧ್ಯಕ್ಷರು.

"ಸಡಿಲ ಇದ್ರೆ ಕರೆಂಟು ಬಿಟ್ಟಾಗ ಜಾಯಿಂಟು ಸಿಡಿಯುತ್ತೆ ಸ್ವಾಮಿ."

"ನಂಗೇ ಹೇಳ್ಕೊಡ್ತೀಯಾ? ಹಂಗಾದ್ರೆ ನಾಳೆಯಿಂದ ಕೆಲಸಕ್ಕೆ ಬರಬೇಡ!"

ಗುಂಡಿಯ ಸುತ್ತ ಹೆಂಗಸರು ಮಕ್ಕಳೆಲ್ಲ ಮುಗಿಬಿದ್ದಿದ್ದರು. ದ್ಯಾವಣ್ಣ ಸ್ಪ್ಯಾನರ್ ಕೆಳಗಿಟ್ಟು ಕೈಮುಗಿದ.

"ಆಯ್ತು ಸ್ವಾಮಿ. ಸ್ವಿಚ್ಚು ಬೇರೆ ಯಾರಾದ್ರೂ ಒತ್ತಲಿ. ತಾವು ಇಲ್ಲೇ ಜಾಯಿಂಟಿನ ಪಕ್ಕ ನಿಂತು ಕರ್ಪೂರ ಹಚ್ಚಿ. ಫೋಟೋ ಚೆನ್ನಾಗಿ ಬರುತ್ತೆ."

ಅಧ್ಯಕ್ಷರು ಉಬ್ಬಿಹೋದರು. ಪಂಚೆ ಎತ್ತಿಕೊಂಡು ಗುಂಡಿಗಿಳಿದರು. ಕರ್ಪೂರದ ಮಸಿ ಹತ್ತೀತೆಂದು ಉಂಗುರ ಬಿಚ್ಚತೊಡಗಿದರು.

"ಉಂಗುರ ಮಾತ್ರ ಬಿಚ್ಚಬೇಡಿ ಸ್ವಾಮಿ," ಅಂದ ದ್ಯಾವಣ್ಣ ಮೆಲ್ಲಗೆ.

"ಯಾಕೋ?"

"ಆಮೇಲೆ ಮನೆಯೋರಿಗೆ ಗುರುತು ಹಿಡಿಯೋಕೆ ಬೇಕಲ್ಲ."

ಅಧ್ಯಕ್ಷರು ಒಂದೇ ನೆಗೆತಕ್ಕೆ ಮೇಲೆ ಬಂದರು. ಕಾರಿನ ಹಿಂದೆ ನಿಂತು ಕೂಗಿದರು: "ಬಿಗಿ ಮಾಡಯ್ಯ!"

"ಮುಹೂರ್ತ ಮೀರ್ತದಲ್ಲ ಸ್ವಾಮಿ?"

"ಮುಹೂರ್ತ ಮುಂದಿನ ತಿಂಗಳೂ ಇದೆ ಕಣಯ್ಯ, ನಾನಿರಬೇಕಲ್ಲ!"