ಗುರುಮಲ್ಲ ವಿಮಾನ ಕಲಿತದ್ದು

ಬನ್ನಿ, ಹತ್ತಿರ ಬಂದು ಕೂತ್ಕೊಳ್ಳಿ. ಇದು ಕೂಗಿ ಹೇಳೋ ಕತೆ ಅಲ್ಲ.

ಒಂದು ದೊಡ್ಡ ಬಯಲು. ಬಯಲಿನ ಈ ತುದಿಗೆ ವಿಮಾನ ಕಲಿಸುವ ಶಾಲೆ, ಆ ತುದಿಗೆ ಒಂದು ಬೋಳು ಗುಡ್ಡ. ಶಾಲೆ ಅಂದರೆ ಏನು, ಒಂದು ತಗಡಿನ ಕೊಟ್ಟಿಗೆ, ಒಳಗೆ ಇಬ್ಬರು ಕೂರುವಂಥ ಪುಟ್ಟ ವಿಮಾನ. ಪಕ್ಕಕ್ಕೆ ರೇಡಿಯೋ ಕೋಣೆ. ಅದರ ಪಕ್ಕ ಅಡುಗೆಮನೆ. ಅಡುಗೆಮನೆ ಸಾಕಮ್ಮನದು. ಕಲಿಯೋಕೆ ಬಂದ ಹುಡುಗರಿಗೆಲ್ಲ ಬೇಯಿಸಿ ಹಾಕೋಳು ಅವಳೇ.

ಗಂಡ ಇಲ್ಲದ ಸಾಕಮ್ಮನಿಗೆ ಒಬ್ಬನೇ ಮಗ, ಗುರುಮಲ್ಲ. ಹದಿನಾರು ತುಂಬಿತ್ತು, ಮೀಸೆ ಚಿಗುರಿತ್ತು, ಬುದ್ಧಿ ಮಾತ್ರ ಇನ್ನೂ ದಾರಿಯಲ್ಲಿತ್ತು. "ಹಾಲು ನೋಡ್ತಿರೋ" ಅಂದರೆ ನೋಡ್ತಾನೇ ಇರೋನು. ಉಕ್ಕಿ ಒಲೆ ಆರಿದ ಮೇಲೆ, "ನೋಡ್ದೆ ಕಣವ್ವ, ಚೆನ್ನಾಗಿ ಉಕ್ಕಿತು!" ಅನ್ನೋನು.

ಸಾಕಮ್ಮ ಹಣೆ ಚಚ್ಚಿಕೊಂಡು ಕ್ಯಾಪ್ಟನ್ ಬೆಳ್ಳಿಯಪ್ಪನವರ ಹತ್ತಿರ ಹೋದಳು. ಆ ಶಾಲೆಗೆ ಗುರು ಅವರೇ. ಬಿಳಿ ಮೀಸೆ, ಬಿರುಸು ಮಾತು.

"ಸಾಹೇಬ್ರೆ, ನೆಲದ ಮೇಲಿನ ಯಾವ ಕೆಲಸಕ್ಕೂ ಇವನು ಆಗಲಿಲ್ಲ. ಆಕಾಶದ ಮೇಲಾದರೂ ಆಗ್ತಾನಾ ನೋಡಿ!"

ಸಾಹೇಬರು ನಕ್ಕರು. "ಕಳಿಸು" ಅಂದರು.

ಸಾಕಮ್ಮ ಮಗನ ತಲೆ ಬಾಚಿ, ಗಲ್ಲ ಹಿಡಿದು ಹೇಳಿದಳು: "ಸಾಹೇಬರು ಏನು ಹೇಳ್ತಾರೋ ಹಾಗೇ ಮಾಡು ಕಣಪ್ಪ. ಒಂದಕ್ಕೆ ಎರಡು ಮಾಡಬೇಡ."

"ಆಗಲಿ ಕಣವ್ವ!"

ಮೊದಲನೇ ದಿನ ಸಾಹೇಬರು ಅಂದರು, "ವಿಮಾನ ಹತ್ತೋ ಮುಂಚೆ ಗಾಳಿ ನೋಡೋದು ಕಲಿ. ಹೋಗು, ಬಯಲಲ್ಲಿ ನಿಂತು ಗಾಳಿ ನೋಡು."

ಹೋದ. ನಿಂತ. ರೆಪ್ಪೆ ಬಡಿಯದೆ ನೋಡಿದ. ಬಿಸಿಲು ಏರಿತು, ಬಿಸಿಲು ಇಳಿಯಿತು. ಸಂಜೆಗೆ ಕಣ್ಣು ಮೆಣಸಿನಕಾಯಿ ಥರ ಕೆಂಪಾಗಿತ್ತು.

"ಏನೋ, ಕಂಡೆಯೇನೋ ಗಾಳಿ?"

"ಇಲ್ಲ ಸಾರ್, ಗಾಳಿ ಕಾಣಲಿಲ್ಲ. ಒಂದು ನೆರಳು ಕಾಣ್ತು. ವಿಮಾನದ ನೆರಳು. ಹುಲ್ಲಿನ ಮೇಲೆ ಸುತ್ತು ಹೊಡೀತಾ ಇತ್ತು."

"ವಿಮಾನ ಕೊಟ್ಟಿಗೇಲೇ ಇತ್ತಲ್ಲೋ!"

"ಹೌದು ಸಾರ್. ಮೇಲೆ ಏನೂ ಇರಲಿಲ್ಲ. ನೆರಳು ಮಾತ್ರ."

ಕಲಿಯೋ ಹುಡುಗರೆಲ್ಲ ಹೊಟ್ಟೆ ಹಿಡಿದು ನಕ್ಕರು. ಸಾಕಮ್ಮ ಅಡುಗೆಮನೆ ಬಾಗಿಲಲ್ಲಿ ನಿಂತಿದ್ದಳು. ಸಾಹೇಬರು ಮಾತ್ರ ನಗದೆ ಆಕಾಶದ ಕಡೆ ಕತ್ತೆತ್ತಿದ್ದು ಅವಳಿಗೆ ಕಾಣಿಸಿತು. ಕತ್ತೆತ್ತಿದವರು ಆಮೇಲೆ ಜೋರಾಗಿ ಗದರಿದರು.

"ಗಾಳಿ ಕಣ್ಣಿಗೆ ಕಾಣತ್ತೇನೋ ಪೆದ್ದ! ಅಗೋ, ಕಂಬದ ಮೇಲೆ ಕೆಂಪು ಬಿಳಿ ಗಾಳಿಚೀಲ ಕಟ್ಟಿದೆ. ನಾಳೆ ಅದನ್ನ ನೋಡು. ಚೀಲ ಉಬ್ಬಿದ ತಕ್ಷಣ ಕರಿ!"

"ಆಗಲಿ ಸಾರ್!"

ಮಾರನೇ ದಿನ ಸಾಕಮ್ಮ ವಡೆಗೆ ಬಾಣಲೆ ಇಟ್ಟು, ನೀರು ತರೋಕೆ ಬಾವಿಗೆ ಹೋದಳು. ತಿರುಗಿ ಬರುವಷ್ಟರಲ್ಲಿ ಅಡುಗೆಮನೆ ತುಂಬ ಹೊಗೆ! ಬಟ್ಟೆ ಸುಟ್ಟ ವಾಸನೆ! ಗುರುಮಲ್ಲ ಜಾಲರಿ ಸೌಟು ಹಿಡಿದು ಬಾಣಲೆಯಲ್ಲಿ ಏನನ್ನೋ ಮಗುಚಿ ಹಾಕ್ತಾ ಇದ್ದಾನೆ.

"ಅಯ್ಯೋ, ಏನೋ ಅದು?"

"ಗಾಳಿಚೀಲ ಕಣವ್ವ. ಉಬ್ಬಿದ ತಕ್ಷಣ ಕರಿ ಅಂದ್ರು. ಉಬ್ತು. ಕಂಬ ಹತ್ತಿ ಬಿಚ್ಕೊಂಡು ಬಂದು ಕರೀತಾ ಇದ್ದೀನಿ. ಒಂದು ಕಡೆ ಕೆಂಪಗಾಗಿದೆ, ನೋಡು!"

ಸಾಹೇಬರು ಹಾರಿಬಿದ್ದರು. "ಕರಿ ಅಂದರೆ ಕೂಗಿ ಕರಿ ಅಂತ ಕಣೋ! ಎಣ್ಣೇಲಿ ಕರಿಯೋದಲ್ಲ! ಅದೂ ಅಲ್ಲದೆ ಇವತ್ತು ಒಂದು ಎಲೆ ಅಲ್ಲಾಡ್ತಾ ಇಲ್ಲ, ಚೀಲ ಹ್ಯಾಗೋ ಉಬ್ಬತ್ತೆ?"

"ಗಾಳಿ ಇರಲಿಲ್ಲ ಸಾರ್. ಚೀಲ ಮಾತ್ರ ಉಬ್ತು. ಉಬ್ತು, ಇಳೀತು. ಉಬ್ತು, ಇಳೀತು. ಯಾರೋ ಒಳಗೆ ಕೂತು ಉಸಿರಾಡೋ ಹಾಗೆ."

ಈ ಸಲ ಯಾರೂ ನಗಲಿಲ್ಲ. ಸಾಕಮ್ಮ ಒಲೆಯ ಉರಿ ತಗ್ಗಿಸಿದಳು.

"ಇನ್ನು ನಾನು ಹೇಳೋ ತನಕ ಯಾವುದನ್ನೂ ಮುಟ್ಟಬೇಡ!" ಅಂದರು ಸಾಹೇಬರು. "ನಾಳೆ ನಾನೇ ಕೂರಿಸ್ಕೊಂಡು ಹೋಗ್ತೀನಿ."

ಕೂರಿಸಿಕೊಂಡು ಹೋದರು. ವಿಮಾನ ಗುರ್ ಅಂತ ಓಡಿ ನೆಲ ಬಿಟ್ಟಿತು. ಸಾಕಮ್ಮ ಸೆರಗು ಬಾಯಿಗಿಟ್ಟು ಬಯಲಲ್ಲಿ ನಿಂತಳು. ಮಗ ಮೇಲೆ, ಜೀವ ಮೇಲೆ. ಅಲ್ಲಿ ನಡೆದದ್ದನ್ನ ಗುರುಮಲ್ಲ ಇಳಿದು ಬಂದ ಮೇಲೆ ಅವಳಿಗೆ ಹೇಳಿದ.

ಮೇಲೆ ಹೋದ ಮೇಲೆ ಸಾಹೇಬರು, "ಹೂಂ, ವಿಮಾನ ತಿರುಗಿಸೋ ಕೋಲು ಹಿಡಿ" ಅಂದರಂತೆ. ಹಿಡಿದನಂತೆ. "ಭೇಷ್! ಈಗ ನೀನೇ ಬಿಡು!" ಅಂತ ತಮ್ಮ ಕೈ ತೆಗೆದರಂತೆ. ಗುರುಮಲ್ಲನೂ ಬಿಟ್ಟುಬಿಟ್ಟ! ಎರಡೂ ಕೈ ಬಿಟ್ಟು ತೊಡೆ ಮೇಲೆ ಇಟ್ಟುಕೊಂಡು ಕೂತ! "ಹಿಡಿದಿದ್ದೀಯೇನೋ?" ಅಂದರೆ ಇವನು ಬಾಯೇ ಬಿಡಲಿಲ್ಲ.

"ಆಮೇಲೆ?" ಅಂದಳು ಸಾಕಮ್ಮ.

"ಆಮೇಲೆ ಏನೂ ಆಗಲಿಲ್ಲ ಕಣವ್ವ. ಕೋಲು ತಾನೇ ಎಡಕ್ಕೆ ವಾಲ್ತು. ವಿಮಾನ ತಾನೇ ತಿರುಗ್ತು. ಬಯಲಿನ ಸುತ್ತ ಒಂದು ಸುತ್ತು ಬಂತು. ಎಷ್ಟು ನುಣ್ಣಗೆ ಗೊತ್ತಾ! ದಿನಾ ಅದೇ ದಾರೀಲಿ ಓಡಾಡೋರು ಓಡಿಸಿದ ಹಾಗೆ. ಆಮೇಲೆ ಸಾರ್ ಕಿರುಚಿ ಹಿಡ್ಕೊಂಡ್ರು."

ಸಾಹೇಬರು ವಿಮಾನದ ರೆಕ್ಕೆಗೆ ಒರಗಿ ನಿಂತಿದ್ದರು. ಮುಖ ಬಿಳಿಚಿಕೊಂಡಿತ್ತು. ಆದರೂ ಗದರುವುದನ್ನ ಬಿಡಲಿಲ್ಲ. "ಬಿಡು ಅಂದರೆ ಓಡಿಸು ಅಂತ ಕಣೋ! ಕೇಳಿದ್ದಕ್ಕೆ ಉತ್ತರ ಕೊಡೋಕೆ ಏನಾಗಿತ್ತು ನಿನ್ನ ಬಾಯಿಗೆ? ಇನ್ಮೇಲೆ ಯಾರು ಏನು ಕೇಳಿದರೂ ಸುಮ್ಮನೆ ಕೂರಬೇಡ. ತಕ್ಷಣ ಉತ್ತರ ಕೊಡು!"

"ಆಗಲಿ ಸಾರ್!"

ಈಗ ಒಂದು ಮಾತು ಹೇಳಬೇಕು. ಆ ಶಾಲೆಯಲ್ಲಿ ಮಂಜು ಬಿದ್ದ ಬೆಳಗ್ಗೆ ರೇಡಿಯೋ ಹಾಕೋ ಹಾಗಿರಲಿಲ್ಲ. ಯಾಕೆ ಅಂತ ಹೊಸಬರಿಗೆ ಗೊತ್ತಿಲ್ಲ. ಸಾಕಮ್ಮನಿಗೆ ಗೊತ್ತು.

ಬಹಳ ವರ್ಷದ ಹಿಂದೆ ಪ್ರಭಂಜನ ಅಂತ ಒಬ್ಬ ಹುಡುಗ ಕಲಿಯೋಕೆ ಬಂದಿದ್ದ. ಬಲು ವಿಧೇಯ. ಗುರುವಿನ ಮಾತು ಅಂದರೆ ಮಾತು. ಒಂದು ಬೆಳಗ್ಗೆ ಒಬ್ಬನೇ ಮೇಲೆ ಹೋದ, ಹೋದಮೇಲೆ ಮಂಜು ಇಳಿಯಿತು. "ಸರ್, ಇಳಿಯಲೇ?" ಅಂತ ರೇಡಿಯೋದಲ್ಲಿ ಕೇಳಿದ. "ಬೇಡ, ನೆಲ ಕಾಣಲ್ಲ. ನಾನು ಹೇಳೋ ತನಕ ಮೇಲೇ ಸುತ್ತುತ್ತಾ ಇರು" ಅಂದರು ಸಾಹೇಬರು. ಮಂಜು ಹರಿಯಿತು. ಆಕಾಶ ತೊಳೆದಿಟ್ಟ ಹಾಗಿತ್ತು. ವಿಮಾನ ಇಲ್ಲ. ಗುಡ್ಡ ಹುಡುಕಿದರು, ಕೆರೆ ಜಾಲಾಡಿದರು, ಒಂದು ಮೊಳೆ ಸಿಗಲಿಲ್ಲ. ಆಮೇಲಿನಿಂದ ಮಂಜು ಬಿದ್ದಾಗಲೆಲ್ಲ ರೇಡಿಯೋದಲ್ಲಿ ಅದೇ ದನಿ. ಸಾಹೇಬರಿಗೆ ಉತ್ತರ ಕೊಡೋ ಧೈರ್ಯ ಬರಲಿಲ್ಲ. ಇಳಿ ಅಂದರೆ ಇಳಿಯೋದು ಏನೋ, ಯಾರಿಗೆ ಗೊತ್ತು? ಗುಂಡಿ ತಿರುಗಿಸಿ ಆರಿಸಿಬಿಡೋರು.

ಹಾಗಿರುವಾಗ ಒಂದು ಬೆಳಗ್ಗೆ ಮಂಜು ಬಂತು. ಸಾಹೇಬರು ಇನ್ನೂ ಬಂದಿರಲಿಲ್ಲ. ಗುರುಮಲ್ಲ ರೇಡಿಯೋ ಕೋಣೆ ಗುಡಿಸಿ, ರೇಡಿಯೋ ಒರೆಸುವಾಗ ಗುಂಡಿಯನ್ನೂ ಒರೆಸಿದ. ಗುಂಡಿ ತಿರುಗಿತು. ಸಾಕಮ್ಮ ಮಗನಿಗೆ ಟೀ ತಂದಳು, ಹೊಸ್ತಿಲಲ್ಲೇ ನಿಂತಳು.

"ಸರ್, ಇಳಿಯಲೇ?"

ಅದೇ ದನಿ. ದಣಿದ ದನಿ. ಸಾಕಮ್ಮ 'ಬೇಡ ಕಣೋ' ಅನ್ನೋಕೆ ಒಂದು ಹೆಜ್ಜೆ ಒಳಗಿಟ್ಟಳು.

ಗುರುಮಲ್ಲ ತಕ್ಷಣ ಉತ್ತರ ಕೊಟ್ಟ.

"ಆಗಲಿ, ಇಳೀರಿ!"

ರೇಡಿಯೋ ಗಪ್ಪಾಯಿತು. ಆಮೇಲೆ ಮಂಜಿನೊಳಗೆ, ಮೇಲೆಲ್ಲೋ, ಇಂಜಿನ್ ಸದ್ದು. ಹತ್ತಿರ ಬಂತು. ಇನ್ನೂ ಹತ್ತಿರ ಬಂತು. ಚಕ್ರ ನೆಲಕ್ಕೆ ತಾಗಿದ ಸದ್ದಾಯಿತು. ಒದ್ದೆ ಹುಲ್ಲಿನ ಮೇಲೆ ಎರಡು ಗೆರೆ ತಾವಾಗೇ ಎಳೆದುಕೊಂಡು ಬಂದವು, ಕೊಟ್ಟಿಗೆ ಮುಂದೆ ನಿಂತವು. ವಿಮಾನ ಇಲ್ಲ, ಗೆರೆ ಮಾತ್ರ! ಸಾಕಮ್ಮನ ಕೈಲಿದ್ದ ಲೋಟ ಬಿತ್ತು.

ಗೆರೆ ನಿಂತ ಕಡೆಯಿಂದ ಬೂಟಿನ ಒದ್ದೆ ಹೆಜ್ಜೆ ಒಂದೊಂದಾಗಿ ಮೂಡುತ್ತಾ ಅಡುಗೆಮನೆ ಮೆಟ್ಟಿಲವರೆಗೆ ಬಂದು ನಿಂತವು. ಗುರುಮಲ್ಲ ಓಡಿಬಂದು ಬಾಗಿಲಿಗೆ ಅಡ್ಡ ನಿಂತು ಬಾಯಿ ಬಿಟ್ಟುಕೊಂಡು ನೋಡ್ತಿದ್ದ. ಹಿಂದೆಯೇ ಓಡಿಬಂದ ಸಾಕಮ್ಮನದು ಹಸಿದು ಬಂದವರಿಗೆ ಬಡಿಸಿ ಸವೆದ ಕೈ, ನಾಲಿಗೆ ತಾನೇ ಆಡಿತು.

"ದಾರಿ ಬಿಡೋ ಪೆದ್ದ! ಬಂದವರನ್ನ ಬಾಗಿಲಲ್ಲಿ ನಿಲ್ಲಿಸ್ತಾರೇನೋ? ಕೂರಿಸಿ ತಟ್ಟೆ ಹಾಕು!"

ಕೂರಿಸಿದ. ಕುರ್ಚಿ ಕಿರ್ ಅಂತು. ಬಿಸಿ ಉಪ್ಪಿಟ್ಟು ಬಡಿಸಿದ. ಉಪ್ಪಿಟ್ಟು ಒಂದು ತುತ್ತೂ ಕಡಿಮೆ ಆಗಲಿಲ್ಲ. ಆವಿ ಮಾತ್ರ ಥಟ್ಟನೆ ನಿಂತುಹೋಯಿತು. ಸಾಕಮ್ಮ ಬೆರಳು ತಾಗಿಸಿ ನೋಡಿದಳು, ಮಂಜುಗಡ್ಡೆ!

ಅಷ್ಟರಲ್ಲಿ ಸಾಹೇಬರು ಬಂದರು. ಹುಲ್ಲಿನ ಗೆರೆ ನೋಡಿಕೊಂಡೇ ಬಂದಿದ್ದರು. ಟೋಪಿ ತೆಗೆದು ಆ ಕುರ್ಚಿಯ ಎದುರು ಕೂತರು. ಬಿರುಸು ಮಾತಿನ ಮನುಷ್ಯನ ದನಿ ಒಡೆದುಹೋಯಿತು.

"ಪ್ರಭಂಜನ, ಹೇಳ್ತೀನಿ ಅಂದವನು ನಾನು ಹೇಳಲೇ ಇಲ್ಲ. ಹೆದರಿಬಿಟ್ಟೆ ಕಣಪ್ಪ. ಇನ್ನು ಸುತ್ತಬೇಡ, ಸಾಕು. ಇನ್ನು ನೀನು ನೆಮ್ಮದಿಯಾಗಿ ಹೊರಡು."

ಆಮೇಲೆ ಕುರ್ಚಿ ಮೆಲ್ಲಗೆ ಹಿಂದಕ್ಕೆ ಸರಿಯಿತು. ಒದ್ದೆ ಹೆಜ್ಜೆ ಬಾಗಿಲ ಕಡೆ ತಿರುಗಿದವು. ಸಾಕಮ್ಮನ ಕಣ್ಣಲ್ಲಿ ನೀರು. ಪಾಪದ ಹುಡುಗ, ಅಂತೂ ಬಿಡುಗಡೆ ಆಯಿತು!

ಆಗ ಗುರುಮಲ್ಲ ಅಂದ, "ಸಾರ್ ಹೇಳಿದ್ರಲ್ಲ, ಹೋಗಿ! ಹೋಗಿ!"

ಸಾಕಮ್ಮ ಮಗನ ತಲೆಗೊಂದು ಮೊಟಕಿದಳು. "ಮನೆಗೆ ಬಂದವರಿಗೆ ಹೋಗಿ ಅಂತಾರೇನೋ, ಮುಂಡೇದೆ! ಹೋಗಿ ಬನ್ನಿ ಅನ್ನಬೇಕು. ಮುಂದಿನ ಸಲ ಎಲ್ಲರನ್ನೂ ಕರ್ಕೊಂಡು ಬನ್ನಿ ಅನ್ನಬೇಕು. ಎಷ್ಟು ಸಲ ಹೇಳ್ಕೊಡಲಿ ನಿನಗೆ?"

ಅಂದವಳು ನಾಲಿಗೆ ಕಚ್ಚಿಕೊಂಡಳು. ಗುರುಮಲ್ಲ ಆಗಲೇ ಬಾಗಿಲು ದಾಟಿ ಓಡಿದ್ದ.

"ಇವರಿಗಲ್ಲ ಕಣೋ! ಮಲ್ಲಾ, ಇವರಿಗಲ್ಲ!"

ಮಂಜಿನಲ್ಲಿ ಇಂಜಿನ್ ಹೊರಟ ಸದ್ದು. ಅದರ ಹಿಂದೆ ಮಗನ ಗಂಟಲು, ಬಯಲೆಲ್ಲ ಕೇಳೋ ಹಾಗೆ: "ಅಣ್ಣಾ! ಹೋಗಿ ಬನ್ನೀ! ಮುಂದಿನ ಸಲ ಎಲ್ಲರನ್ನೂ ಕರ್ಕೊಂಡು ಬನ್ನೀ!"

ಇಂಜಿನ್ ಸದ್ದು ಒಂದು ಗಳಿಗೆ ತಗ್ಗಿತು, ಕಿವಿಗೊಟ್ಟ ಹಾಗೆ. ಆಮೇಲೆ ದೂರವಾಯಿತು. ಸಾಹೇಬರು ಸಾಕಮ್ಮನ ಮುಖ ನೋಡಿದರು, ಸಾಕಮ್ಮ ಸಾಹೇಬರ ಮುಖ ನೋಡಿದಳು. ಇಬ್ಬರಿಗೂ ಆ ಹುಡುಗ ಎಂಥ ವಿಧೇಯ ಅಂತ ಗೊತ್ತಿತ್ತು.

ಮಾರನೇ ಬೆಳಗ್ಗೆ ಗುಡ್ಡದ ಕಡೆಯಿಂದ ಮಂಜು ಎದ್ದು ಬಂತು. ಬಯಲು ಮುಚ್ಚಿತು, ಕೊಟ್ಟಿಗೆ ಮುಚ್ಚಿತು. ಸಾಕಮ್ಮ ಸೌದೆ ಬಿಟ್ಟು ರೇಡಿಯೋ ಕೋಣೆಗೆ ಓಡಿದಳು. ಓಡಿದರೆ ಏನು ಬಂತು? ಮಗ ಅಲ್ಲಿ ಮೊದಲೇ ಕೂತಿದ್ದ. ಮೇಲೆ ಇಂಜಿನ್ ಸದ್ದು ಒಂದಲ್ಲ. ಆ ಕಡೆ ಒಂದು, ಈ ಕಡೆ ಒಂದು, ಗುಡ್ಡದ ಹಿಂದೆ ಇನ್ನೊಂದು, ಅದಕ್ಕೂ ಮೇಲೆ ಎಣಿಸೋಕೆ ಆಗದಷ್ಟು. ಆಕಾಶದಲ್ಲಿ ದಾರಿ ತಪ್ಪಿದೋರೆಲ್ಲ ಒಟ್ಟಾಗಿ ಬಂದ ಹಾಗೆ.

"ಸರ್, ಎಲ್ಲರನ್ನೂ ಕರ್ಕೊಂಡು ಬಂದಿದ್ದೀನಿ. ಇಳಿಯಲೇ?"

"ಆಗಲಿ, ಇಳೀರಿ, ಇಳೀರಿ!" ಅಂದ ಗುರುಮಲ್ಲ. ಆಮೇಲೆ ತಾಯಿ ಕಡೆ ತಿರುಗಿ ಮುಖ ಅರಳಿಸಿಕೊಂಡು ಕೂಗಿದ:

"ಅವ್ವಾ, ಒಲೆ ಮೇಲೆ ದೊಡ್ಡ ಕೊಳದಪ್ಪಲೆ ಇಡು!"