ಡಬ್ಬಿ ಡಾಕ್ಟರಮ್ಮ

ಬಹಳ ಹಿಂದೆ, ನನ್ನ ಅಜ್ಜಿಯ ಅಜ್ಜಿಗೂ ಬಾಯಲ್ಲಿ ಹಲ್ಲಿದ್ದ ಕಾಲದಲ್ಲಿ, ಗೊರವಿಕೆರೆ ಅಂತ ಒಂದೂರಿತ್ತಂತೆ. ಆ ಊರಿಗೆ ಒಬ್ಬ ಡಾಕ್ಟರಮ್ಮ ಬಂದಳಂತೆ. ಎಲ್ಲಿಂದ ಬಂದಳು ಅಂತ ಕೇಳಬೇಡಿ. ಮೂಡಲಿಂದ ಅನ್ನುವವರಿದ್ದಾರೆ, ಪಡುವಲಿಂದ ಅನ್ನುವವರಿದ್ದಾರೆ, ಇಬ್ಬರೂ ಕಂಡವರಲ್ಲ. ಹೆಸರು ತುಂಗಮ್ಮ. ಆ ಹೆಸರು ಯಾರ ಬಾಯಲ್ಲೂ ನಿಲ್ಲಲಿಲ್ಲ, ಎಲ್ಲರೂ ಕರೆದದ್ದು ಡಬ್ಬಿ ಡಾಕ್ಟರಮ್ಮ ಅಂತಲೇ. ಯಾಕೆ ಅಂತ ಹೇಳ್ತೀನಿ, ಆದರೆ ನಗಬಾರದು. ನಗುವವರು ಈಗಲೇ ಆಚೆ ಹೋಗಿ ನಕ್ಕು ಬನ್ನಿ.

ಅವಳು ಮಕ್ಕಳ ಕ್ಯಾನ್ಸರ್ ನೋಡುವ ಡಾಕ್ಟರು. ಆ ಕಾಲದಲ್ಲೂ ಅದಿತ್ತಾ ಅಂದರೆ, ಇತ್ತು. ನಮಗೆ ಅದರ ಹೆಸರು ಗೊತ್ತಿರಲಿಲ್ಲ ಅಷ್ಟೆ. ಅವಳ ಹತ್ತಿರ ಬಲು ಖಾರದ ಮದ್ದಿತ್ತಂತೆ. ಕೊಟ್ಟರೆ ರೋಗ ಗಂಟುಮೂಟೆ ಕಟ್ಟಿಕೊಂಡು ಓಡುತ್ತಿತ್ತಂತೆ. ಆದರೆ ರೋಗ ಓಡಿದ ಮೇಲೆ ಕೆಲವು ಮಕ್ಕಳು ಒಂದು ಸಣ್ಣ ಭೇದಿಗೆ, ಒಂದು ಸಣ್ಣ ಜ್ವರಕ್ಕೆ ಹೋಗಿಬಿಡುತ್ತಿದ್ದವಂತೆ. ಹುಲಿ ಬಾಯಿಂದ ಬಿಡಿಸಿ ಇಲಿಗೆ ಕೊಟ್ಟ ಹಾಗೆ. ಅವಳಿಗೆ ಅದೇ ಸಂಕಟ. ಅಡುಗೆ ಮಾಡುತ್ತಾ ಆ ಮಕ್ಕಳ ಹೆಸರುಗಳನ್ನು ಒಂದೊಂದಾಗಿ ಹೇಳಿಕೊಳ್ಳುತ್ತಿದ್ದಳಂತೆ, ಸಾರು ಸೀದುಹೋಗುವವರೆಗೂ.

ಅವಳಲ್ಲಿ ಒಂದು ಹಿತ್ತಾಳೆ ಕೊಳವೆ ಇತ್ತಂತೆ. ಅದರಲ್ಲಿ ಕಣ್ಣಿಟ್ಟರೆ ಸಾಸಿವೆಕಾಳು ಬೆಟ್ಟವಾಗಿ ಕಾಣುತ್ತಿತ್ತಂತೆ. ಹನ್ನೆರಡು ವರ್ಷ ಅದರಲ್ಲಿ ನೋಡಿ ನೋಡಿ ಒಂದು ಗುಟ್ಟು ಕಂಡುಹಿಡಿದಳಂತೆ. ಮಗುವಿನ ಹೊಟ್ಟೆಯೊಳಗೆ ಕಣ್ಣಿಗೆ ಕಾಣದ ಕೋಟಿ ಜೀವಗಳಿವೆ, ಮೈಯೊಳಗಿನ ಕಾವಲುಗಾರರಿಗೆ ರೋಗ ತಡೆಯುವುದನ್ನು ಕಲಿಸುವುದೇ ಅವು. ಖಾರದ ಮದ್ದು ರೋಗದ ಜೊತೆಗೆ ಅವನ್ನೂ ತೊಳೆದುಬಿಡುತ್ತೆ. ಉಜ್ಜಿ ತೊಳೆದ ಗಡಿಗೆಗೆ ಹಾಲು ಹಾಕಿಟ್ಟರೆ ಮೊಸರಾಗುತ್ತಾ? ಪಕ್ಕದ ಮನೆಯಿಂದ ಹೆಪ್ಪು ತರಬೇಕು. ಹೊಟ್ಟೆಗೂ ಹಾಗೇನೇ. ಹೊಟ್ಟೆಯ ಹೆಪ್ಪು ಎಲ್ಲಿ ಸಿಗುತ್ತೆ ಅಂತೀರಾ? ಮಕ್ಕಳು ಬೆಳಗ್ಗೆ ಎದ್ದು ಕೆರೆ ಕಡೆ ಹೋಗ್ತಾರಲ್ಲ, ಅಲ್ಲಿ. ನಗಬಾರದು ಅಂದೆ.

ಆಗ ಊರಲ್ಲಿ ಕುಂಬಾರ ಸಿದ್ದಯ್ಯನ ಮಗಳು ಕೆಂಚಿ, ಏಳು ವರ್ಷದ ಕೂಸು, ರಕ್ತದ ಕ್ಯಾನ್ಸರಾಗಿ ಮಲಗಿತ್ತು. ಡಾಕ್ಟರಮ್ಮನ ಮದ್ದಿಗೆ ರೋಗ ಹೋಯ್ತು. ಆದರೆ ತಿಂದದ್ದು ಹೊಟ್ಟೆಯಲ್ಲಿ ನಿಲ್ಲಲಿಲ್ಲ, ಜ್ವರ ಬಿಡಲಿಲ್ಲ. ಹೆಪ್ಪು ಸಿಗದಿದ್ದರೆ ಈ ಮಗು ಅಮಾವಾಸ್ಯೆ ದಾಟಲ್ಲ ಅಂದಳಂತೆ ಡಾಕ್ಟರಮ್ಮ. ಅಂದವಳೇ ಪಟೇಲ ಮರೀಗೌಡನ ಜಗಲಿಗೆ ಬಂದು ಎರಡು ಮಂಕರಿ ತಗಡಿನ ಡಬ್ಬಿ ಇಳಿಸಿದಳಂತೆ. ಮನೆಗೊಂದು ಡಬ್ಬಿ ಹಂಚಿಸಿ, ಗಟ್ಟಿಮುಟ್ಟಾದ ಮಗುವಿನದು ಸ್ವಲ್ಪ ಬೆಳಗ್ಗೆ ಕಳಿಸಿ, ಯಾರದು ಒಳ್ಳೆಯದು ಅಂತ ನಾನು ನೋಡಿ ಹೇಳ್ತೀನಿ ಅಂದಳಂತೆ. ಪಟೇಲ ಬಾಯಲ್ಲಿದ್ದ ಎಲೆಅಡಿಕೆಯನ್ನು ಹಾಗೇ ನುಂಗಿಬಿಟ್ಟನಂತೆ.

ಪಟೇಲ ಡಬ್ಬಿ ಹಂಚಿಸಿದ. ಊರಾಚೆ ಆಡು ಕಾಯುವವರ ಹಟ್ಟಿಗೆ ಮಾತ್ರ ಕಳಿಸಲಿಲ್ಲ. ಅವರ ಮನೇಲಿ ಅಂಥಾದ್ದೇನಿರುತ್ತೆ ಅಂದನಂತೆ.

ಊರು ಮೊದಲು ಮೂಗು ಮುಚ್ಚಿಕೊಂಡಿತು. ಆಮೇಲೆ ಹೆಂಗಸರಿಗೆ ಇದು ಮನೆ ಮಾನದ ಪ್ರಶ್ನೆ ಅಂತ ಹೊಳೆಯಿತು. ಸರಿ, ಸಂಜೆಗೆ ಮನೆಮನೆಯಲ್ಲೂ ಒಬ್ಬಟ್ಟು ಬೆಂದವಂತೆ. ಬೆಳಗಾದರೆ ಡಬ್ಬಿಗಳು ಅರಿಶಿನ ಕುಂಕುಮ ಹಚ್ಚಿಸಿಕೊಂಡು ಬಂದವಂತೆ. ಒಬ್ಬಳು ನಾಚಿಕೆಗೆ ಕರುವಿನ ಸಗಣಿ ತುಂಬಿ ಕಳಿಸಿದ್ದಳಂತೆ. ಡಾಕ್ಟರಮ್ಮ ಕೊಳವೆಯಲ್ಲಿ ನೋಡಿ, ಮಗೂಗೆ ಹುಲ್ಲು ಸ್ವಲ್ಪ ಕಮ್ಮಿ ಮಾಡಮ್ಮ ಅಂತ ಹೇಳಿ ಕಳಿಸಿದಳಂತೆ.

ಪಟೇಲರ ಮನೆಯ ಕಷ್ಟ ಬೇರೆ. ಅವರ ಮೊಮ್ಮಗನಿಗೆ ಮೂರು ಹೊತ್ತೂ ತುಪ್ಪದನ್ನ, ಬೂಂದಿಲಾಡು. ಹಾಗಾಗಿ ಅವನು ಕೆರೆ ಕಡೆ ಹೋಗುತ್ತಿದ್ದದ್ದು ಮೂರು ದಿನಕ್ಕೊಂದು ಸಲ. ಆವತ್ತು ಆ ದಿನವಲ್ಲ. ಊರ ಡಬ್ಬಿಯೆಲ್ಲ ತುಂಬಿ ಪಟೇಲರ ಡಬ್ಬಿ ಖಾಲಿ ಹೋದರೆ ಹೇಗೆ? ಪಟೇಲನ ಹೆಂಡತಿ ನಂಜಾಜಮ್ಮ ಕೊಟ್ಟಿಗೆ ಕಡೆ ನೋಡಿದಳಂತೆ. ಅಲ್ಲಿ ಸಗಣಿ ಬಾಚುವವಳ ಜೊತೆ ಬಂದಿದ್ದ ಅವಳ ಮಗಳು ಮಾರಕ್ಕ, ಹಟ್ಟಿಯ ಐದು ವರ್ಷದ ಚೋಟುದ್ದ ಹುಡುಗಿ, ಆಡುತ್ತಿದ್ದಳಂತೆ. ಒಂದು ಅಚ್ಚು ಬೆಲ್ಲಕ್ಕೆ ಕೆಲಸ ಆಯ್ತಂತೆ.

ಡಾಕ್ಟರಮ್ಮ ಎಲ್ಲ ಡಬ್ಬಿಯನ್ನೂ ನೋಡಿದಳು. ಎಂಬತ್ತು ಡಬ್ಬಿ ಅನ್ನುವವರಿದ್ದಾರೆ, ಎಂಟುನೂರು ಅನ್ನುವವರೂ ಇದ್ದಾರೆ. ಕೊನೆಗೆ ಪಟೇಲರ ಡಬ್ಬಿ ನೋಡಿ ಎದ್ದು ನಿಂತಳಂತೆ. ಇಂಥಾದ್ದು ಜನ್ಮದಲ್ಲಿ ನೋಡಿಲ್ಲ, ಇದೇ ಬೇಕು, ನಾಳೆ ಇದೇ ಮಗೂದು ಬಿಸಿಬಿಸಿಯಾಗಿ ಬೇಕು ಅಂದಳಂತೆ.

ಪಟೇಲನನ್ನು ಹಿಡಿಯುವವರೇ ಇಲ್ಲ. ಮಾರನೆಯ ಬೆಳಗ್ಗೆ ಮೊಮ್ಮಗನನ್ನು ಕುದುರೆ ಮೇಲೆ ಕೂರಿಸಿ, ಓಲಗ ಊದಿಸಿಕೊಂಡು, ಬೆಳ್ಳಿ ಹರಿವಾಣದಲ್ಲಿ ಡಬ್ಬಿ ಇಟ್ಟು ಹೊರಟನಂತೆ. ಮೊಮ್ಮಗನ ಮೂರನೇ ದಿನವೂ ಅವತ್ತೇ ಬಿತ್ತು, ನೋಡಿ. ಅವನು ತನ್ನ ಕೆಲಸ ಮಾಡಿದ. ಡಾಕ್ಟರಮ್ಮ ಕೊಳವೆಗೆ ಕಣ್ಣಿಟ್ಟಳು. ಕೊಳವೆ ಒರೆಸಿದಳು. ಮತ್ತೆ ನೋಡಿದಳು.

"ಗೌಡ್ರೇ, ಇದು ನಿನ್ನೇದಲ್ಲ" ಅಂದಳಂತೆ.

ಪಟೇಲ ಹಾರಾಡಿದನಂತೆ, ನಮ್ಮ ವಂಶದ್ದನ್ನೇ ಅಲ್ಲ ಅಂತೀಯಾ ಅಂತ. ಅಷ್ಟರಲ್ಲಿ ಸಿದ್ದಯ್ಯ ಮಗಳನ್ನು ಹೆಗಲ ಮೇಲೆ ಹಾಕಿಕೊಂಡು ಬಂದು ನಿಂತ. ಕೆಂಚಿಯ ತಲೆ ಹೆಗಲಿಂದ ಏಳಲೇ ಇಲ್ಲ. ಸಿದ್ದಯ್ಯ ಬೆಳ್ಳಿ ಹರಿವಾಣವನ್ನೇ ನೋಡುತ್ತಿದ್ದನಂತೆ. ನಂಜಾಜಮ್ಮ ಆ ಮಗುವಿನ ಕಾಲು ನೋಡಿದಳು, ಬೆರಳಿನಷ್ಟಾಗಿದ್ದವು. ಗಂಡನ ಮುಖ ನೋಡಿದಳು, ನೆರೆದ ಊರನ್ನು ನೋಡಿದಳು. ಹೇಳಿದರೆ ಪಟೇಲರ ಮನೆ ಮಾನ ಬೀದಿಪಾಲು. ಹೇಳದಿದ್ದರೆ ಕೂಸು ಮಣ್ಣುಪಾಲು.

"ಓಲಗ ನಿಲ್ಸ್ರೋ" ಅಂದಳಂತೆ. "ಡಾಕ್ಟರಮ್ಮ, ನಿನ್ನೇದು ನಮ್ ಮಗೂದಲ್ಲ. ಹಟ್ಟಿ ಮಾರಕ್ಕಂದು. ನಾನೇ ಬೆಲ್ಲ ಕೊಟ್ಟು ಈಸ್ಕಂಡೆ."

ನಮ್ಮಲ್ಲಿ ಯುದ್ಧದಲ್ಲಿ ಮಡಿದ ವೀರರಿಗೆ ಕಲ್ಲು ನಿಲ್ಲಿಸ್ತಾರೆ. ನನ್ನ ಕೇಳಿದರೆ ಆ ಹೆಂಗಸಿಗೆ ಎರಡು ಕಲ್ಲು ನಿಲ್ಲಿಸಬೇಕಿತ್ತು.

ಓಡಿದರು, ಹಟ್ಟಿಯಿಂದ ಮಾರಕ್ಕನನ್ನು ಎತ್ತಿಕೊಂಡು ಬಂದರು. ಅಂಬಲಿ, ಬೆರಕೆ ಸೊಪ್ಪು, ಎಲಚಿ ಹಣ್ಣು, ಬಿದ್ದದ್ದು ಎದ್ದದ್ದು ಎಲ್ಲ ತಿಂದು ಬೆಳೆದ ಹುಡುಗಿ. ಆದರೆ ಊರಿಗೆ ಊರೇ ಕಣ್ಣು ಬಿಟ್ಟುಕೊಂಡು ನಿಂತರೆ ಯಾರಿಗೆ ತಾನೇ ಬರುತ್ತೆ? ಹುಡುಗಿ ಕೂತಳು, ಎದ್ದಳು, ಮತ್ತೆ ಕೂತಳು. ಅಳೋಕೆ ಶುರುಮಾಡಿದಳು. ಸೋಬಾನೆ ಹೇಳಿದರು, ಬರಲಿಲ್ಲ. ಪೂಜಾರಪ್ಪ ಹೂ ಪ್ರಸಾದ ಕೇಳಿದ, ದೇವರು ಬಲಗಡೆ ಕೊಟ್ಟ, ಹುಡುಗಿ ಕೊಡಲಿಲ್ಲ.

ಕೊನೆಗೆ ಡಾಕ್ಟರಮ್ಮ, ಎಲ್ಲರೂ ಅತ್ತ ತಿರುಗಿ ಅಂದಳಂತೆ. ಇಡೀ ಊರು ಬೆನ್ನು ತಿರುಗಿಸಿ ನಿಂತಿತು. ಪಟೇಲನೂ ನಿಂತ, ಪೂಜಾರಪ್ಪನೂ ನಿಂತ, ಕುದುರೆಯನ್ನೂ ತಿರುಗಿಸಿದರಂತೆ. ಒಬ್ಬರೂ ಕೆಮ್ಮಲಿಲ್ಲ. ಹೊತ್ತು ನೆತ್ತಿಗೆ ಬಂತು, ಹೊತ್ತು ವಾಲಿತು. ಸಿದ್ದಯ್ಯ ಕಣ್ಣು ಮುಚ್ಚಿಕೊಂಡು ಮಗಳ ಉಸಿರು ಎಣಿಸುತ್ತಿದ್ದನಂತೆ. ಆಗ ಹಿಂದಿನಿಂದ ಒಂದು ಸಣ್ಣ ದನಿ ಬಂತು.

"ಆಯ್ತು."

ಓಲಗದವನು ಯಾರು ಹೇಳುವುದಕ್ಕೂ ಕಾಯದೆ ಊದಿಬಿಟ್ಟನಂತೆ.

ಡಾಕ್ಟರಮ್ಮ ಅದನ್ನು ಸೋಸಿ, ತೊಳೆದು, ಏನೇನೋ ಮಾಡಿ ಕೆಂಚಿಗೆ ಕೊಟ್ಟಳು. ಹೇಗೆ ಕೊಟ್ಟಳು ಅಂತ ಕೇಳಬೇಡಿ, ಊಟದ ಹೊತ್ತು. ಮೂರು ದಿನ ಊರಲ್ಲಿ ಯಾರಿಗೂ ಅನ್ನ ಇಳಿಯಲಿಲ್ಲ. ನಾಲ್ಕನೇ ದಿನ ಬೆಳಗ್ಗೆ ಕೆಂಚಿ ಕಣ್ಣು ಬಿಟ್ಟು, "ಅವ್ವಾ, ಹಸೀತದೆ, ಮುದ್ದೆ ಹಾಕು" ಅಂದಳಂತೆ. ಅವಳಮ್ಮ ಮುದ್ದೆ ತಿರುವುತ್ತಾ ಅತ್ತದ್ದಕ್ಕೆ ಆವತ್ತು ಮುದ್ದೆಗೆ ಉಪ್ಪೇ ಬೇಕಾಗಲಿಲ್ಲವಂತೆ.

ಆಮೇಲೆ ಡಾಕ್ಟರಮ್ಮ ಮಂಕರಿ ಹೊತ್ತು ಬೇರೆ ಊರಿಗೆ ಹೋದಳಂತೆ. ಎಲ್ಲಿ ಮಣ್ಣಾದಳೋ ಯಾರಿಗೂ ಗೊತ್ತಿಲ್ಲ. ಅವಳ ಹೆಸರಲ್ಲಿ ಗುಡಿಯಿಲ್ಲ, ಗದ್ದುಗೆಯಿಲ್ಲ. ಆದರೆ ಇವತ್ತಿಗೂ ಗೊರವಿಕೆರೆಯವರು ಡಾಕ್ಟರ ಮುಂದೆ ಸುಳ್ಳು ಹೇಳುವುದಿಲ್ಲ. ಮಗು ಎಷ್ಟು ಸಲ ಹೋಯ್ತು, ಯಾವ ಬಣ್ಣ, ಎಲ್ಲ ನಡುಬೀದಿಯಲ್ಲೇ ಹೇಳಿಬಿಡ್ತಾರೆ. ಹೊಸ ಡಾಕ್ಟರುಗಳು ಮುಖ ಕೆಂಪಗೆ ಮಾಡಿಕೊಳ್ತಾರಂತೆ. ಇನ್ನು ಊರವರು ಯಾರೇ ಬೆಳಗ್ಗೆ ಹಟ್ಟಿ ಮುಂದೆ ಹಾದರೂ ಮಕ್ಕಳೆಲ್ಲ ಕೆರೆ ಕಡೆ ಹೋಗಿ ಬಂದ್ವಾ ಅಂತ ವಿಚಾರಿಸಿಕೊಂಡೇ ಮುಂದೆ ಹೋಗುವುದು. ಪಟೇಲರ ಮನೆಯವರೂ ವಿಚಾರಿಸ್ತಾರೆ. ಆದರೆ ಅವರು ಅದಕ್ಕೆ ಮೊದಲು, ಹಿಂದೆ ಹಟ್ಟಿಯವರು ಅವರ ಮನೆ ಮುಂದೆ ಮಾಡುತ್ತಿದ್ದ ಹಾಗೆ, ಕಾಲಿನ ಚಪ್ಪಲಿ ಬಿಚ್ಚಿ ಕೈಗೆ ತಗೊಳ್ತಾರೆ.