ಹೊಳಪು ಬಿಟ್ಟ ಚಪ್ಪರ

ಸ್ವತಂತ್ರವಾಗಿ ಆ್ಯಪ್ ಬರೆಯುವವರು ತನ್ನ ಹೊಸ ಸಾಫ್ಟ್‌ವೇರ್ ವೇದಿಕೆಯತ್ತ ಸುಳಿಯುವುದೇ ಇಲ್ಲವೆಂದು ಗೆಳತಿ ಹೈಮವತಿ ಬೇಸರಪಟ್ಟಾಗ ನಾನು ಹೇಳಿದ ಕಥೆ ಇದು.

ಹಿತ್ತಿಲಿನಲ್ಲಿ ಕಬ್ಬಿಣದ ಹೊಸ ಚಪ್ಪರವೊಂದು ನಿಂತಿತ್ತು. ಮೈತುಂಬ ಬಣ್ಣ, ಕನ್ನಡಿಯಂಥ ಹೊಳಪು. ಆ ಹೊಳಪು ಕೆಡುತ್ತದೆಂದು, ಕಾಲಿಗೆ ಕಟ್ಟಿದ್ದ ತೆಂಗಿನ ನಾರಿನ ಹಗ್ಗವನ್ನೂ ಅದು ಕೊಡವಿ ಹಾಕಿತ್ತು. ಅವರೆಬಳ್ಳಿ ಚಪ್ಪರವನ್ನು ಬಿಟ್ಟು ಪಕ್ಕದ ಮುಳ್ಳುಬೇಲಿಗೆ ಹಬ್ಬಿತು. ಉಳಿದದ್ದು ಒಂದು ಹೀರೆಬಳ್ಳಿ. ಅದೂ ನೆಲದ ಮೇಲೆ ತೆವಳುತ್ತಿತ್ತು.

“ಮೇಲೆ ಬಾರಮ್ಮ. ಇಷ್ಟು ಎತ್ತರ, ಇಷ್ಟು ಬಿಸಿಲು ನಿನಗೆ ಬೇರೆಲ್ಲಿ ಸಿಗುತ್ತದೆ?” ಎಂದಿತು ಚಪ್ಪರ.

“ಹತ್ತಿ ನೋಡಿದೆ ಅಣ್ಣ, ಪ್ರತಿ ಸಲವೂ ಜಾರಿಬಿದ್ದೆ. ನೆಲದಲ್ಲೇ ಇದ್ದರೆ ನನ್ನ ಕಾಯಿ ಕೊಳೆಯುತ್ತದೆಂದು ಗೊತ್ತು. ಆದರೆ ಕುಡಿ ಸುತ್ತಲು ನಿನ್ನಲ್ಲಿ ಒಂದು ಒರಟು ಜಾಗವೂ ಇಲ್ಲ.”

“ಹಾಗಾದರೆ ನಾನೇ ನಿನ್ನನ್ನು ಎತ್ತಿಕೊಳ್ಳುತ್ತೇನೆ.”

“ಬೇಡ. ಹತ್ತುವುದು ನನಗೆ ಗೊತ್ತು. ಹಿಡಿಯಲು ಜಾಗ ಕೊಡು, ಸಾಕು.”

ಚಪ್ಪರ ತನ್ನ ನುಣುಪು ಮೈಯನ್ನೊಮ್ಮೆ ನೋಡಿಕೊಂಡಿತು. ಆಮೇಲೆ ಕಾಲ ಬಳಿ ಬಿದ್ದಿದ್ದ ಹಗ್ಗವನ್ನು ಕರೆಯಿತು. “ಬಾರಪ್ಪ, ನನ್ನ ಮೈಯೆಲ್ಲ ಸುತ್ತಿಕೋ. ಹೊಳಪು ಹೋದರೆ ಹೋಗಲಿ.”

ಮಳೆಗಾಲ ಮುಗಿಯುವಷ್ಟರಲ್ಲಿ ಹೀರೆಯ ಹಿಂದೆ ಪಡವಲವೂ ತೊಂಡೆಯೂ ಹತ್ತಿ ಬಂದವು. ಹಸಿರಿನೊಳಗೆ ಚಪ್ಪರ ಕಾಣದಾಯಿತು. ಹೂ ಹುಡುಕಿ ಬಂದ ಸೂರಕ್ಕಿ ಎಂಬ ಪುಟ್ಟ ಹಕ್ಕಿ ಕೇಳಿತು: “ಇಷ್ಟೊಂದು ಬಳ್ಳಿಗಳನ್ನು ಹೊತ್ತವರು ಯಾರು?”

“ನಾನು” ಎನ್ನಲು ಹೊರಟ ಚಪ್ಪರಕ್ಕೆ, ಹೊಸ ಕುಡಿಯೊಂದು ಹಗ್ಗವನ್ನು ಮೆಲ್ಲಗೆ ತಡಕುತ್ತಿರುವುದು ತಿಳಿಯಿತು. ಕುಡಿಗೆ ಹಿಡಿತ ಸಿಗಲೆಂದು ಚಪ್ಪರ ಅಲುಗದೆ ನಿಂತಿತು.